ಪರದೆಗೆ ಹೊತ್ತ ಹರಕೆ

ನನ್ನ ಮೊಮ್ಮಗ ಹುಟ್ಟುವಾಗಲೇ ತಲೆ ತುಂಬ ಕೂದಲು ಹೊತ್ತು ಬಂದ. ಮಿರಜದ ಆಸ್ಪತ್ರೆಯ ನರ್ಸಬಾಯಿ ಅವನನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತ, "ಆಜಿ, ಟೊಪಿಗಿ ಬ್ಯಾಡ, ಬಾಚಣಿಕಿ ತರ್ರಿ" ಎಂದು ನಕ್ಕಳು. ನಾನು ನಗಲಿಲ್ಲ, ಅತ್ತುಬಿಟ್ಟೆ. ಮಗನ ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಬಂದ ಕೂಸು ಅದು. ನನಗೆ ಮೂರನೆಯ ಇಯತ್ತೆಯವರೆಗಷ್ಟೇ ಓದು, ಅದೂ ಜತ್ತದ ಕಡೆಯ ಕನ್ನಡ ಶಾಲೆಯಲ್ಲಿ. ಒಂದರ ಹಿಂದೆ ಒಂದನ್ನು ನೇರವಾಗಿ ಹೇಳುವುದು ಬರುವುದಿಲ್ಲ. ಸಂತೋಷದ ಮಾತಾದರೆ ಇನ್ನೂ ಬರುವುದಿಲ್ಲ. ಆದರೂ ಹೇಳುತ್ತೇನೆ, ಹೇಳದೆ ಇರಲಾಗುವುದಿಲ್ಲ.

ಆ ಕೂಸಿಗಾಗಿ ನಾನು ಒಂದು ಹರಕೆ ಹೊತ್ತಿದ್ದೆ. ನಮ್ಮವರು ಕುರಿ ಕಾಯುವವರು. ಗಂಡುಕೂಸಿನ ಮೊದಲ ಕೂದಲನ್ನು, ಅಂದರೆ ಜಾವಳವನ್ನು, ಮನೆತನ ಮೊದಲು ಎಲ್ಲಿತ್ತೋ ಆ ಊರಿನ ಬೀರಪ್ಪ ದೇವರ ಮುಂದೆ ತೆಗೆಸುವುದು ನಮ್ಮಲ್ಲಿ ರೂಢಿ. ನಮ್ಮ ಮೂಲದ ಊರು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಅಂದರೆ, ನೋಡಿದ್ದೆ. ಹೋಗಿ ನೋಡಿದ್ದಲ್ಲ, ಫೋಟೋದಲ್ಲಿ.

ಕವಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಆ ಫೋಟೋ ಇತ್ತು. ನಮ್ಮ ಮನೆಯವರ ಅಜ್ಜ ಹೆಗಲ ಮೇಲೆ ಕಂಬಳಿ ಹಾಕಿ, ಕೈಯಲ್ಲಿ ಕೋಲು ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಅಜ್ಜಿ, ಮಡಿಲಲ್ಲಿ ಕೂಸು. ಅವರ ಹಿಂದೆ ಅಗಲವಾದ ಕಲ್ಲಿನ ಮೆಟ್ಟಿಲುಗಳು, ಮೇಲೊಂದು ಗೋಪುರ, ಬದಿಗೆ ಬಾಗಿದ ತೆಂಗಿನಮರ. ಮದುವೆಯಾಗಿ ಬಂದ ಮರುದಿನ ನಮ್ಮ ಅತ್ತೆ ಅದರತ್ತ ಬೆರಳು ತೋರಿಸಿ ಹೇಳಿದ್ದರು: "ಇದು ನಮ್ಮ ಮೂಲ ನೋಡವಾ. ಇಲ್ಲಿಂದ ಕುರಿ ಹೊಡಕೊಂಡು, ಹೊತ್ತು ಮುಳುಗೋ ಕಡೆ ಹುಲ್ಲು ಹುಡುಕ್ಕೋತ ಬಂದವರು ನಾವು. ಕೃಷ್ಣಾ ನೀರು ಕಂಡ ಮ್ಯಾಲೆ ನಿಂತ್ವಿ."

ಸೊಸೆಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಕರೆದುಕೊಂಡು ಅಲೆದ ಒಂದು ದಿನ, ನಾನು ಆ ಫೋಟೋದ ಮುಂದೆ ಸೆರಗೊಡ್ಡಿ, "ಕೂಸು ಕೊಡಪ್ಪಾ, ನಿನ್ನ ಆ ಮೆಟ್ಟಿಲ ಮ್ಯಾಲೇ ಕುಂಡ್ರಿಸಿ ಜಾವಳ ತಗಸ್ತೇನಿ" ಎಂದುಬಿಟ್ಟೆ. ಊರು ಯಾವುದು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ನಮ್ಮ ಮನೆಯವರಿಗೆ ಗೊತ್ತಿರುತ್ತದೆ ಎಂದು ನಾನು. ಅವರ ಅಪ್ಪನಿಗೆ ಗೊತ್ತಿತ್ತು ಎಂದು ಅವರು.

ಕೂಸು ಹುಟ್ಟುವ ಹೊತ್ತಿಗೆ ನಾವು ಸಾಂಗಲಿಗೆ ಬಂದಿದ್ದೆವು. ಮಗನಿಗೆ ಕುಪವಾಡದ ಕಾರ್ಖಾನೆಯಲ್ಲಿ ಕೆಲಸ. ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ಸುಣ್ಣದ ಗೆರೆ ಹಾಕಿ ಪ್ಲಾಟು ಮಾಡುತ್ತಿದ್ದ ಕಾಲ. ಅಂಥದೊಂದು ಪ್ಲಾಟಿನಲ್ಲಿ ನಮ್ಮ ಸ್ಲ್ಯಾಬಿನ ಮನೆ ಎದ್ದಿತು. ಮೂಲೆಗೊಂದು ಎಸ್‌ಟಿಡಿ ಬೂತು, ಮನೆಗೊಂದು ಕೇಬಲ್ಲು. ಅಜ್ಜನ ಫೋಟೋ ಬಣ್ಣದ ಟೀವಿಯ ಮೇಲೆ ಹೋಗಿ ಕೂತಿತು.

ಮೊಮ್ಮಗನ ಕೂದಲು ಕಣ್ಣಿಗೆ ಬೀಳತೊಡಗಿತು. ಸೊಸೆ ಅದಕ್ಕೆ ರಿಬ್ಬನ್ನು ಕಟ್ಟಿದಳು. ಕಂಡವರೆಲ್ಲ "ಮುಲಗೀ ಕಾ?" ಅನ್ನುವರು, ಹುಡುಗಿಯಾ ಎಂದು. ವರ್ಷ ತುಂಬುವುದರೊಳಗೆ ಜಾವಳ ಆಗಬೇಕು, ಇಲ್ಲದಿದ್ದರೆ ಮೂರನೆಯ ವರ್ಷದವರೆಗೆ ಕಾಯಬೇಕು.

ಹೀಗಿರುವಾಗ ಕೂಸಿಗೆ ಲಸಿಕೆಯ ಡೋಸು ಹಾಕಿಸಲು ಮಿರಜಕ್ಕೆ ಹೋದೆವು. ಸೊಸೆಯ ತವರು ಅಲ್ಲಿಯೇ. ಪಕ್ಕದ ಮನೆಯವರು ತಂಬೂರಿ, ಸಿತಾರು ಮಾಡುವವರು. ಬಾಗಿಲ ಬಳಿ ದೊಡ್ಡ ದೊಡ್ಡ ಸೋರೆಬುರುಡೆಗಳನ್ನು ಸಾಲಾಗಿ ಒಣಗಲು ಇಟ್ಟಿದ್ದರು. ಆ ಮನೆಯ ಬೀಬಿ ಕೂಸನ್ನು ನೋಡಬೇಕು ಅಂದರೆಂದು ಸೊಸೆಯೊಡನೆ ಒಳಗೆ ಹೋದೆ. ಗೋಡೆಯ ಮೇಲೆ ಕಣ್ಣು ಹೋಯಿತು. ಅದೇ ಮೆಟ್ಟಿಲು. ಅದೇ ಗೋಪುರ. ಅದೇ ಬಾಗಿದ ತೆಂಗಿನಮರ! ಮುಂದೆ ಮಾತ್ರ ಟೋಪಿ ಹಾಕಿದ ಯಾರೋ ಹಿರಿಯರು, ಸಿತಾರು ಹಿಡಿದು ಕೂತಿದ್ದಾರೆ.

ನನಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಬೀಬಿಯ ಎರಡೂ ಕೈ ಹಿಡಿದುಕೊಂಡು, "ಅಯ್ಯ, ನೀವೂ ನಮ್ಮೂರವರಽ ಏನವಾ! ಇಷ್ಟ ದಿನಾ ಯಾಕ ಹೇಳಲಿಲ್ಲ?" ಎಂದು ಅಪ್ಪಿಕೊಂಡೇ ಬಿಟ್ಟೆ.

ಬೀಬಿ ಗಾಬರಿಯಾಗಿ ಸೊಸೆಯ ಮುಖ ನೋಡಿದರು. "ಯಾವ ಊರು ಆಜಿ? ನಾವು ಇಲ್ಲೀದವರೇ, ಪಿಢ್ಯಾನಪಿಢಿ, ತಲೆತಲಾಂತರದಿಂದ ಮಿರಜದವರು."

"ಇದು?" ಎಂದು ಫೋಟೋ ತೋರಿಸಿದೆ.

ಅವರು ನೋಡಿ ನಗತೊಡಗಿದರು. ನಗು ನಿಲ್ಲದೆ ಬಾಯಿಗೆ ಓಢಣಿ ಒತ್ತಿಕೊಂಡರು. "ಅಹೋ ಆಜಿ, ತೋ ಪಡದಾ ಆಹೇ! ಪರದೆ ಅದು, ಬಟ್ಟೆ ಮ್ಯಾಲೆ ಬಣ್ಣ! ಸ್ಟೇಶನ್ ರಸ್ತೇಲಿ ಹಳೇ ಸ್ಟುಡಿಯೋ ಇತ್ತಲ್ಲ, ಅಲ್ಲೀದು. ಮಿರಜ ಅರ್ಧಾ ಊರು ಆ ಮೆಟ್ಟಿಲ ಮುಂದೆ ಕುಂತೈತಿ."

ಸೊಸೆ ನಕ್ಕಳು. ಬೀಬಿಯ ಮಕ್ಕಳು ನಕ್ಕರು. ಏನು ತಿಳಿಯಿತೋ, ನನ್ನ ಮೊಮ್ಮಗನೂ ಕೇಕೆ ಹಾಕಿದ. ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ನಾನು ಬೇಡಿಕೊಂಡದ್ದು ಬಟ್ಟೆಗೆ. ಆದರೆ ಕೂಸು ನಿಜವಾಗಿಯೂ ತೊಡೆಯ ಮೇಲಿದೆ, ಜೊಲ್ಲು ಸುರಿಸುತ್ತಿದೆ. ಹಾಗಾದರೆ ಕೊಟ್ಟವನು ಎಲ್ಲಿಯವನು? ಹರಕೆ ತೀರಿಸಲು ಎಲ್ಲಿಗೆ ಹೋಗಲಿ?

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಉಣ್ಣುವುದನ್ನು ನಿಲ್ಲಿಸಿ ನಕ್ಕರು. "ಚಲೋ ಆತು ಬಿಡು. ಸ್ಟುಡಿಯೋದಾಗ ಕುಂಡ್ರಿಸಿ ಜಾವಳ ತಗಸು, ಹಂಗಽ ಒಂದು ಫೋಟೋನೂ ಆಗ್ತೈತಿ."

"ನಗಬ್ಯಾಡ್ರಿ. ನಿಮ್ಮ ಅಜ್ಜ ಎಲ್ಲಿಂದ ಬಂದ್ರು ಅಷ್ಟ ಹೇಳ್ರಿ."

"ಮ್ಯಾಲಿಂದ ಬಂದ್ರು. ಎಲ್ಲಾರೂ ಬರೂದು ಅಲ್ಲಿಂದನಽ."

ಮಗ ತಲಾಠಿಯ ಕಚೇರಿಗೆ ಹೋಗಿ ಹೊಲದ ಹಳೆಯ ಉತಾರೆ, ಅಂದರೆ ಪಹಣಿ, ತೆಗೆಸಿಕೊಂಡು ಬಂದ. ಅದರಲ್ಲಿ ಅಜ್ಜನ ಹೆಸರಿನ ಮುಂದೆ ವಸ್ತಿ ಕವಲಾಪುರ ಎಂದಷ್ಟೇ ಇತ್ತು. ಸರಕಾರದ ಪ್ರಕಾರ ನಮ್ಮ ಅಜ್ಜ ಆ ಹೊಲದಲ್ಲಿಯೇ ಮೊಳಕೆಯೊಡೆದಿದ್ದರು!

ಆಗ ನನಗೆ ಹೆಳವ ನೆನಪಾದ. ಹೆಳವರೆಂದರೆ ಮನೆತನಗಳ ವಂಶ ಹೇಳುವವರು. ಸುಗ್ಗಿಯ ನಂತರ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು, ಯಾರ ಮಗ ಯಾರು, ಎಲ್ಲಿಂದ ಎಲ್ಲಿಗೆ ಬಂದರು ಎಂದು ಹಾಡಿನಂತೆ ಹೇಳಿ, ಕಾಳು ಬಟ್ಟೆ ಪಡೆದು ಹೋಗುತ್ತಾರೆ. ನಮ್ಮ ಹೆಳವ ಕವಲಾಪುರಕ್ಕೆ ಬಂದು ಮನೆಗೆ ಕೀಲಿ ಹಾಕಿದ್ದನ್ನು ಕಂಡು ಹಿಂದಿರುಗಿದ್ದನಂತೆ. ಮಗ ಅವನಿಗೆ ಹೇಳಿಕಳಿಸಿದ. ಅವನು ಎತ್ತಿಲ್ಲದೆ ಎಸ್ಟಿ ಬಸ್ಸಿನಲ್ಲಿ ಬಂದ, ಗಂಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು.

ಟೀವಿ ಆರಿಸಿ ಕಂಬಳಿ ಹಾಸಿದೆವು. ಹೆಳವ ಕಣ್ಣು ಮುಚ್ಚಿ ಶುರು ಮಾಡಿದ. ಯಾರ್ಯಾರೋ ಅಜ್ಜಂದಿರು ಎದ್ದು ಬಂದರು. ಒಬ್ಬ ತೋಳಕ್ಕೆ ಕುರಿ ಕಳೆದುಕೊಂಡವ, ಒಬ್ಬ ಹೊಳೆ ದಾಟುವಾಗ ದೇವರ ಕಲ್ಲನ್ನು ಕಂಬಳಿಯಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತವ. ಕೊನೆಗೆ ನನ್ನ ಮೊಮ್ಮಗನ ಹೆಸರನ್ನೂ ಸೇರಿಸಿ ಗಂಟೆ ಬಾರಿಸಿದ. ನನ್ನ ಎದೆ ಉಕ್ಕಿಬಂತು, ಅವನಿಗೆ ಮಗನ ಹೊಸ ಶಾಲನ್ನೇ ಕೊಟ್ಟುಬಿಟ್ಟೆ.

"ಹೊಂಟದ್ದು ಯಾವ ಊರಿಂದಪ್ಪಾ?" ಎಂದು ಕೇಳಿದೆ.

"ಮೂಡಲ ಸೀಮಿ ಬಿಟ್ರು ಅಂತ ಐತ್ರೀ ಯವ್ವಾ."

"ಸೀಮಿ ಅಲ್ಲೋ, ಊರು?"

"ನಮ್ಮಪ್ಪ ನನಗ ಅಷ್ಟಽ ಹೇಳ್ಯಾನ್ರಿ. ಅವನ ಅಪ್ಪ ಅವನಿಗೂ ಅಷ್ಟಽ ಹೇಳಿದ್ನಂತ."

ಆಗ ಸೊಸೆ ಕವಲಾಪುರದಿಂದ ತಂದ ಹಳೆಯ ಟ್ರಂಕಿನ ತಳದಿಂದ ಇನ್ನೊಂದು ಫೋಟೋ ತಂದಳು. ಮಾಸಿಹೋದದ್ದು. ನಮ್ಮ ಅಜ್ಜ, ಇನ್ನೂ ನಾಲ್ಕಾರು ಮಂದಿ, ಗಿಡ್ಡ ಬಾಗಿಲಿನ ಒಂದು ಗುಡಿಯ ಮುಂದೆ ನಿಂತಿದ್ದಾರೆ. ಒಂದು ಬದಿಗೆ ವಾಲಿದ ದೀಪದ ಕಂಬ. "ಇದೂ ಪರದೆ ಇರಬೇಕು, ನೋಡ್ರಿ" ಎಂದಳು. ಆದರೆ ಕಾಲ ಬಳಿ ಒಂದು ನಾಯಿ ಮಲಗಿತ್ತು. ಸ್ಟುಡಿಯೋದೊಳಗೆ ಬೀದಿನಾಯಿಯನ್ನು ಯಾರು ಬಿಡುತ್ತಾರೆ?

ಹೆಳವ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ. ಜತ್ತದ ಆಚೆ, ರಾಜ್ಯದ ಗಡಿ ದಾಟಿದ ಮೇಲೆ ಒಂದು ಸಣ್ಣ ಊರಿದೆ, ನಿಮ್ಮವರು ಅಲ್ಲಿ ಕೆಲವು ಕಾಲ ನಿಂತಿದ್ದರು ಎಂದ. "ಆ ಊರ ಗುಡಿ ಇದ್ದಂಗ ಐತ್ರಿ."

"ಇದ್ದಂಗೋ, ಅದಽ ಐತೋ?" ನಮ್ಮ ಮನೆಯವರು ಕೇಳಿದರು.

"ಇದ್ದಂಗ್ರಿ."

ಇದ್ದಂಗ ಎನ್ನುವ ಮಾತನ್ನು ನಂಬಿ ಜೀಪು ಮಾಡಿಕೊಂಡು ಹೊರಟೆವು. ಅಜ್ಜ ಕುರಿ ಹೊಡೆದುಕೊಂಡು ಪಶ್ಚಿಮಕ್ಕೆ ಬಂದ ದಾರಿಯಲ್ಲಿ ನಾವು ಮೊಮ್ಮಗನನ್ನು ಎತ್ತಿಕೊಂಡು ಪೂರ್ವಕ್ಕೆ ಹೋದೆವು. ಕಬ್ಬು ಮುಗಿಯಿತು, ದ್ರಾಕ್ಷಿ ಮುಗಿಯಿತು, ಕಲ್ಲುಭೂಮಿ ಬಂತು. ಇಂಥ ದಾರಿಯನ್ನು ಅವರು ನಡೆದೇ ಬಂದರಲ್ಲ ಎಂದು ನನಗೆ ಹೆಮ್ಮೆ. ನಿಜವಾಗಿ ಇದೇ ದಾರಿಯೋ ಎಂದು ಮತ್ತೆ ಗೊಂದಲ.

ಆ ಊರಲ್ಲಿ ಬೀರಪ್ಪನ ಗುಡಿ ಇತ್ತು. ಆದರೆ ಫೋಟೋದ ಗುಡಿ ಇರಲಿಲ್ಲ. ಸಿಮೆಂಟಿನ ಹೊಸ ಗುಡಿ, ನೆಲಕ್ಕೆ ಟೈಲ್ಸು, ಗೋಪುರಕ್ಕೆ ಗುಲಾಬಿ ಬಣ್ಣ.

"ಹಳೇದು?" ಎಂದು ಪೂಜಾರಿಯನ್ನು ಕೇಳಿದೆ.

"ಕೆಡವೀದ್ವಿ ಯವ್ವಾ. ಕಲ್ಲು ಪಾಯಾದಾಗ ಅದಾವು."

"ವಾಲಿದ ಕಂಬ ಇತ್ತೇನು?"

"ಇದ್ದೀತು. ನಾ ಸಣ್ಣಾವಿದ್ದಾಗ ಎಲ್ಲಾನೂ ವಾಲಿತ್ತು." ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದ. "ನಾಯಿ ಮಾತ್ರ ನಮ್ಮೂರದ್ದಽ ಕಾಣ್ತೈತಿ ನೋಡ್ರಿ."

ನಮ್ಮ ಮನೆಯವರಿಗೆ ಅಷ್ಟೇ ಸಾಕಾಯಿತು. "ಇನ್ನೇನು ಸಾಕ್ಷಿ ಬೇಕು? ಕರೀರಿ ಕ್ಷೌರದವನ್ನ."

ಸೊಸೆಯ ಅಣ್ಣ ಮಿರಜದಿಂದ ನಮ್ಮೊಡನೆ ಬಂದಿದ್ದ. ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂಡಿಸಿ, ಕಂಬಳಿ ಹಾಸಿ, ನೀರು ಚಿಮುಕಿಸಿದರು. ಕತ್ತಿ ಆಡಿತು. ಕೂಸು ಗುಡಿ ಹಾರಿಹೋಗುವಂತೆ ಅತ್ತಿತು. ಕರಿ ಕೂದಲು ಎಲೆಯ ಮೇಲೆ ಬೀಳುವಾಗ ನಾನು ಕೈ ಮುಗಿದು ನಿಂತಿದ್ದೆ. ನಿನ್ನ ಮೆಟ್ಟಿಲು ಎಂದಿದ್ದೆ, ಇಲ್ಲಿ ಮೆಟ್ಟಿಲೇ ಇಲ್ಲ. ಮೂಲ ಎಂದಿದ್ದೆ, ಹೆಳವನ ಮಾತಿನಂತೆ ಮೂಲ ಇನ್ನೂ ಮೂಡಲಕ್ಕಿದೆ. ಕೊಟ್ಟವನು ಇವನೇ ಆಗಿದ್ದರೆ ಸರಿ. ಅಲ್ಲದಿದ್ದರೆ? ಎಷ್ಟೋ ವರ್ಷಕ್ಕೆ ಕೊಟ್ಟವನ ಋಣವನ್ನು ಬೇರೆಯವನ ಬಾಗಿಲಿಗೆ ಸುರಿದು ಹೋಗಲೇ?

"ತಡೀರಿ!" ಎಂದೆ. ಕ್ಷೌರದವನ ಕತ್ತಿ ಗಾಳಿಯಲ್ಲಿ ನಿಂತಿತು. "ನಡುನೆತ್ತಿ ಮ್ಯಾಲೆ ಒಂದೀಟು ಬಿಡ್ರಿ."

"ಯಾಕ ಅತ್ತಿ?" ಸೊಸೆ ಕೇಳಿದಳು.

"ಮೂಡಲ ಸೀಮಿ ಸಿಕ್ಕರ ಅಲ್ಲಿಗೆ ಬೇಕಲ್ಲ."

"ಸಿಗದಿದ್ರ?"

ನಮ್ಮ ಮನೆಯವರು, "ಸಿಗದಿದ್ರ ಶೇಂಡಿ ಬಿಟ್ಟಗೊಂಡು ಭಟ್ಟ ಆಗ್ತಾನ" ಎಂದರು. ಪೂಜಾರಿ ನಕ್ಕ. ಸೊಸೆ ನಗಲಿಲ್ಲ. ಆಸ್ಪತ್ರೆಯ ಬೆಂಚುಗಳ ಮೇಲೆ ನನ್ನ ಪಕ್ಕದಲ್ಲಿ ಕೂತವಳು ಅವಳೇ ಅಲ್ಲವೇ. ಒಂದು ಗಳಿಗೆ ನನ್ನ ಮುಖ ನೋಡಿ, ಕ್ಷೌರದವನಿಗೆ ಹೇಳಿದಳು, "ಬಿಡ್ರಿ ಕಾಕಾ. ಎಲ್ಲೀದು ಅಲ್ಲಿಗೆ ಮುಟ್ಟಲಿ."

ಆ ಜುಟ್ಟು ಇನ್ನೂ ಇದೆ. ಮೂಡಲದ ಕಡೆಯವರು ಯಾರಾದರೂ ಸಿಕ್ಕರೆ, ಸಂತೆಯಲ್ಲಾಗಲಿ, ಎಸ್ಟಿ ಸ್ಟ್ಯಾಂಡಿನಲ್ಲಾಗಲಿ, ಮೊಮ್ಮಗನನ್ನು ಮುಂದೆ ನಿಲ್ಲಿಸಿ ಕೇಳುತ್ತೇನೆ: ನಿಮ್ಮ ಕಡೆ ಹಳೆಯ ಬೀರಪ್ಪ ಎಲ್ಲೆಲ್ಲಿ ಇದ್ದಾನೆ? ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಾರೆ. ಎಲ್ಲವನ್ನೂ ನೆನಪಿಟ್ಟುಕೊಳ್ಳಲು ಹೋಗಿ ಒಂದೂ ನೆನಪಿರುವುದಿಲ್ಲ. ಅಷ್ಟರಲ್ಲಿ ಅವನು ನನ್ನ ಕೈ ಬಿಡಿಸಿಕೊಂಡು, ಜುಟ್ಟು ಕುಣಿಸುತ್ತ, ಯಾವ ದಿಕ್ಕಾದರೂ ಸರಿ ಎಂದು ಓಡುತ್ತಾನೆ, ನಾನು ಅವನ ಹಿಂದೆ.