ಸಾರಿನ ಮೀನಿಗೆ ಮೆನುವಿನಲ್ಲಿ ಜಾಗ

ಹೊನ್ನಾವರಕ್ಕೆ ಬಂದ ಮೊದಲ ಮಳೆಗಾಲದಲ್ಲಿ ನನ್ನ ಕಂಪ್ಯೂಟರಿನ ಮೌಸಿಗೆ ಬೂಷ್ಟು ಹಿಡಿಯಿತು. ಆಗಿನ ಮೌಸುಗಳ ಹೊಟ್ಟೆಯಲ್ಲಿ ರಬ್ಬರ್ ಚೆಂಡು ಇರುತ್ತಿತ್ತು. ಹೊರಗೆ ತೆಗೆದರೆ ಅದರ ಮೈಮೇಲೂ ಬಿಳಿ ಪೊರೆ. ನಮ್ಮ ಗದಗದಲ್ಲಿ ಯಂತ್ರಗಳು ಧೂಳು ತಿಂದು ಕೆಡುತ್ತವೆ, ಇಲ್ಲಿ ಅನ್ನದ ಹಾಗೆ ಹಳಸುತ್ತವೆ. ಸೀರೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಜೋಳದ ಹಿಟ್ಟು ಕೇಳಿದರೆ ಅಂಗಡಿಯವರು "ಎಂತಕ್ಕೆ?" ಎನ್ನುತ್ತಾರೆ, ಯಾತಕ್ಕೆ ಎಂದು. ಗಂಡನಿಗೆ ಮೇಷ್ಟರ ಕೆಲಸ ಸಿಕ್ಕಿತೆಂದು ಬಂದವಳು ನಾನು. ಆ ವರ್ಷ ಅತ್ತಷ್ಟು ಎಂದೂ ಅತ್ತಿಲ್ಲ.

ಮುಂದಿನ ವರ್ಷ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು, ಷರತ್ತಿನ ಮೇಲೆ. ಹೊಳೆಯಾಚೆ ಕಾಸರಕೋಡಿನ ಮೀನು ವ್ಯಾಪಾರಿ ಗಣಪತಿಯವರಿಗೆ ಲೆಕ್ಕಪತ್ರದ ಪ್ರೋಗ್ರಾಂ ಮಾಡಿಕೊಡಬೇಕು; ಅವರು ಒಪ್ಪಿದರೆ ನಾನು ಖಾಯಂ, ಇಲ್ಲದಿದ್ದರೆ ಮತ್ತೆ ಬಾಡಿಗೆ ಮನೆಯ ಆ ತೇವದ ಎರಡು ಕೋಣೆಗಳು. ಕೋಣೆಗಳಿಗೆ ಮರಳುವ ಧೈರ್ಯ ನನಗಿರಲಿಲ್ಲ.

ಮೆನು ಎಂದರೆ ಪರದೆಯ ಮೇಲ್ತುದಿಯಲ್ಲಿ ಸಾಲಾಗಿ ನಿಲ್ಲುವ ಹೆಸರುಗಳು. ಒಂದನ್ನು ಒತ್ತಿದರೆ ಕೆಳಗೆ ಅದರ ಮರಿಗಳು ಇಳಿಯುತ್ತವೆ. ಅದನ್ನು ಕಟ್ಟಲು ನನ್ನ ಬಳಿ ಒಂದು ಸಾಧನವಿತ್ತು. ಹೆಸರನ್ನು ಮೌಸಿನಿಂದ ಹಿಡಿದು, ಎಳೆದು, ಬೇಕಾದಲ್ಲಿ ಇಟ್ಟರಾಯಿತು. ಆ ಸುಲಭವೇ ಮುಳುವಾಯಿತು. ಗಣಪತಿಯವರು ಒಮ್ಮೆ ನೋಡಿದ್ದೇ ತಡ, "ಎಳ್ದು ಇಡೂದೇ ಅಲ್ದಾ? ಖರೀದಿ ಆ ಬದಿಗೆ ಹಾಕಿ" ಎಂದರು. ಮರುದಿನ ಈ ಬದಿಗೆ. ದುಬೈಯಿಂದ ರಜೆಗೆ ಬಂದಿದ್ದ ಅವರ ಭಟ್ಕಳದ ಗೆಳೆಯರೊಬ್ಬರು ತಮ್ಮ ಆಫೀಸಿನಲ್ಲಿ ವರದಿಯೇ ಮೊದಲು ಎಂದರು, ಅದನ್ನೂ ಎಳೆದೆ. ಪ್ರೋಗ್ರಾಂ ನಡೆಸಬೇಕಾದ ಗುಮಾಸ್ತೆ ಶಾರದಕ್ಕ ಹೆಸರು ಓದುವವರಲ್ಲ, ಜಾಗ ನೋಡಿ ಒತ್ತುವವರು. "ನಿನ್ನೆ ಇಲ್ಲಿತ್ತಲ, ಇವತ್ತು ಎಲ್ಲಿ ಹೋತು?" ಎಂದು ನನ್ನ ಮೇಲೆಯೇ ರೇಗುತ್ತಿದ್ದರು. ನಮ್ಮ ಕಡೆ ಬೇಡವಾದರೆ ಮುಖಕ್ಕೆ ಹೊಡೆದಂತೆ ಬೇಡ ಎನ್ನುತ್ತಾರೆ. ಇಲ್ಲಿ "ಅಡ್ಡಿಲ್ಲ, ಸ್ವಲ್ಪ ಸರ್ಸಿ" ಎಂದು ನಯವಾಗಿ ಜೀವ ತಿನ್ನುತ್ತಾರೆ.

ದೋಣಿ ದಡಕ್ಕೆ ಬಂದರೆ ತೂಕಕ್ಕೆ ಮೊದಲು ದುಡಿದವರೆಲ್ಲ ಮನೆಯ ಸಾರಿಗೆಂದು ಒಂದಿಷ್ಟು ಮೀನು ಎತ್ತಿಕೊಳ್ಳುವುದು ಅಲ್ಲಿನ ರೂಢಿ. ಅದು ಖರೀದಿಯಲ್ಲ, ಮಾರಾಟವೂ ಅಲ್ಲ. ಎಲ್ಲಿ ಇಡಲಿ ಎಂದು ಕೇಳಿದೆ. "ನಷ್ಟದ ಕೆಳಗೆ ಹಾಕಿ" ಎಂದರು ಗಣಪತಿಯವರು. ಹಾಕಿದೆ.

ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿದವು. ಮಂಜಣ್ಣ ಎಂಬ ತಾಂಡೇಲರು, ಅಂದರೆ ದೋಣಿಯ ಮುಖ್ಯಸ್ಥರು, ಗಣಪತಿಯವರ ಆಫೀಸಿಗೆ ಐಸ್ ಕೇಳಲು ಬಂದವರು ಪರದೆಯಲ್ಲಿ ತೆರೆದಿದ್ದ ನಷ್ಟದ ಪಟ್ಟಿ ನೋಡಿ ನಿಂತುಬಿಟ್ಟರು.

"ಎಂತ ಇದು? ನಮ್ ಹುಡ್ರು ಮನೆಗೆ ಒಯ್ಯೂ ಮೀನು ನಿಮ್ಗೆ ನಷ್ಟ ಆತಾ? ನಾಳಿಂದ ನಮ್ ಮೀನು ಬೇರೆಯವ್ರಿಗೆ."

ಗಣಪತಿಯವರು ಕೂಡಲೇ ನನ್ನತ್ತ ಕೈ ತೋರಿಸಿದರು. "ಅವ್ರು ಘಟ್ಟದ ಮೇಲ್ನವ್ರು ಮಾರಾಯಾ, ಅವ್ರಿಗೆ ಎಂತ ಗೊತ್ತು?"

ನನ್ನ ಮೈ ಉರಿದುಹೋಯಿತು. ಕೆಲಸದ ಆಸೆಗೆ ಬಾಯಿ ಮುಚ್ಚಿಕೊಂಡೆ.

"ಅವ್ರಿಗೆ ಗೊತ್ತಿಲ್ಲ, ಸರಿ. ನಿಮ್ಗೆ?" ಎಂದರು ಮಂಜಣ್ಣ.

ನಾನು ಯಾರನ್ನೂ ಕೇಳದೆ ಮೌಸ್ ಹಿಡಿದೆ. 'ಸಾರಿನ ಮೀನು' ಎಂಬುದನ್ನು ನಷ್ಟದಿಂದ ಹೊರಗೆಳೆದು ಮೇಲಿನ ಸಾಲಿನಲ್ಲಿ, ಖರೀದಿಗೂ ಮುಂಚೆ, ಅದರಷ್ಟಕ್ಕೇ ಇಟ್ಟೆ. ಮಂಜಣ್ಣ ಬಗ್ಗಿ ನೋಡಿದರು. "ಹಾಂ, ಈಗ ಆತು."

"ಇನ್ನು ಯಾರೂ ಎಂತದೂ ಸರ್ಸೂದು ಬೇಡ" ಎಂದು ಗಣಪತಿಯವರು ನನಗೇ ತಾಕೀತು ಮಾಡಿದರು. ಕೆಲಸ ಖಾಯಂ ಆಯಿತು. ಆ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ಮರುದಿನ ಮಂಜಣ್ಣ ನನ್ನ ಮೇಜಿನ ಮೇಲೆ ಬಂಗಡೆಯ ಪೊಟ್ಟಣ ಇಟ್ಟು, "ಸಾರಿಗೆ" ಎಂದು ಹೊರಟೇಹೋದರು. ಶಾರದಕ್ಕ ಸಾರಿನ ಮೀನಿನ ಮೆನು ತೆರೆದು ದೋಣಿಯವರ ಹೆಸರುಗಳ ಕೆಳಗೆ ನನ್ನ ಹೆಸರನ್ನೂ ಟೈಪ್ ಮಾಡಿದರು. ಆಮೇಲೆ ಅವರಿಗೆ ನೆನಪಾಯಿತು.

"ನೀವು ಮೀನು ತಿನ್ನೂದಿಲ್ಲ ಅಲ್ದಾ? ಹೆಸ್ರು ತೆಗೀಲಾ?"

"ಬೇಡ ಅಕ್ಕಾ, ಇರಲಿ" ಎಂದೆ.

ಪೊಟ್ಟಣವನ್ನು ಮನೆಯೊಡತಿಗೆ ಕೊಟ್ಟು, ಕೈಗೆ ಸೋಪು ಹಾಕಿ ಹಾಕಿ ತೊಳೆದು, ರೊಟ್ಟಿ ಬಡಿಯಲು ಕೂತೆ.