ಅಂಗಡಿಯಲ್ಲಿ ಸಿಗದ ಪ್ಲೇಟುಗಳು

ಅಪ್ಪನಿಗೆ ಚಾಮರಾಜನಗರದಲ್ಲಿ ಅರಿಸಿನದ ಮಂಡಿಯಿತ್ತು. ನಾಟಕದ ದೊಡ್ಡ ಗಾಯಕರೊಬ್ಬರೆಂದರೆ ಅವರಿಗೆ ಪ್ರಾಣ. ಆ ಗಾಯಕರ ಹಾಡುಗಳಲ್ಲಿ ಎಲ್ಲರ ಬಾಯಲ್ಲಿದ್ದವು ಅಪ್ಪನಿಗೆ ಸಾಲುತ್ತಿರಲಿಲ್ಲ. ಒಮ್ಮೆ ಬಂದು ನಿಂತುಹೋದ, ಅಂಗಡಿಯವರು ಇಲ್ಲವೆನ್ನುವ ಗ್ರಾಮಫೋನ್ ಪ್ಲೇಟುಗಳೇ ಬೇಕು. ರೈಲಿನಲ್ಲಿ ಮೈಸೂರಿಗೆ ಹೋದಾಗಲೆಲ್ಲ ಹಳೇ ಸಾಮಾನಿನವರ ಹತ್ತಿರ ತಡಕಾಡಿ, ಪಂಚೆಯಲ್ಲಿ ಸುತ್ತಿಕೊಂಡು ತರುತ್ತಿದ್ದರು. ಹಾಗೆ ಕೂಡಿಸಿದ್ದು ಒಂದು ಮರದ ಪೆಟ್ಟಿಗೆ ತುಂಬಿತ್ತು.

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ಗುಂಡ್ಲುಪೇಟೆಗೆ ಬಂದೆ. ಆ ಗಾಯಕರು ನಮ್ಮ ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿದ್ದಾರೆಂದು ಆಮೇಲೆ ತಿಳಿಯಿತು. ನಾಟಕ ಕಂಪನಿ ಮುಚ್ಚಿತ್ತು. ಅವರ ಕಿವಿ ಪೂರ್ತಿ ಹೋಗಿತ್ತು. ಹೆಂಡತಿ ಅವರಿವರಿಗೆ ಹಪ್ಪಳ ಮಾಡಿಕೊಟ್ಟು ದಿನ ನೂಕುತ್ತಿದ್ದರು. ಗಾಯಕರು ಕಿವುಡರಾಗಿದ್ದಾರೆ ಎಂದು ನಾನು ಹೇಳಿ ಕಳಿಸಿದರೂ ಅಪ್ಪ ಕೇಳಲಿಲ್ಲ. ಪೆಟ್ಟಿಗೆ, ಗ್ರಾಮಫೋನು ಎರಡನ್ನೂ ಬಸ್ಸಿಗೆ ಹಾಕಿಕೊಂಡು ಬಂದುಬಿಟ್ಟರು.

ತಮ್ಮ ಕೋಣೆಯಲ್ಲಿ ಗಾಯಕರು ಗ್ರಾಮಫೋನಿನ ಮೇಲೆ ಎರಡೂ ಅಂಗೈ ಇಟ್ಟು ಕುಳಿತರು. ನಾನು ಕೀ ಕೊಟ್ಟೆ. ಅದರುವುದು ಕೈಗೆ ತಿಳಿದು ಮುಖ ಅರಳಿತು. ಒಂದೊಂದು ಪ್ಲೇಟಿಗೂ "ಯಾವುದಿದು?" ಎಂದು ಜೋರಾಗಿ ಕೇಳುವರು. ಹೆಂಡತಿ ಹೇಳಿದ್ದನ್ನು ತುಟಿ ನೋಡಿ ತಿಳಿದುಕೊಳ್ಳುವರು.

ಅಪ್ಪ ಜೋಪಾನವಾಗಿಟ್ಟಿದ್ದ ಒಂದು ಪ್ಲೇಟಿನಲ್ಲಿ ಹಾಡಿನ ನಡುವೆ ಒಂದು ಮಗುವಿನ ದನಿ ಸೇರುತ್ತಿತ್ತು. ಅದು ಕೇಳಿದ್ದೇ ಆಕೆ ಕಾಫಿ ಲೋಟ ಕೆಳಗಿಟ್ಟು ಗೋಡೆಯ ಕಡೆ ತಿರುಗಿದರು.

"ನಮ್ ಮಗಿನ ದನಿ ಕಣಪ್ಪಾ," ಎಂದರು. "ಇದ ಹಾಡಿದ್ ವರ್ಷವೇ ಸಿಡುಬಾಗಿ ಓಗ್ಬುಟ್ಲು. ನಮ್ತವ ಈ ಪ್ಲೇಟು ಇರ್ನಿಲ್ಲ."

"ಯಾವ ಹಾಡಮ್ಮೀ ಇದು?" ಗಾಯಕರು ಕೂಗಿದರು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಅವರತ್ತ ತಿರುಗಿ, "ನಿಮ್ ಹಳೇ ದೇವ್ರ ಹಾಡು ಕಣ್ರೀ," ಎಂದರು. ಅವರು ತಲೆದೂಗಿ ಬೆರಳಿನಲ್ಲಿ ತಾಳ ಹಾಕತೊಡಗಿದರು. ಆ ತಾಳ ಈ ಹಾಡಿನದಾಗಿರಲಿಲ್ಲ. ಅಪ್ಪ ತಲೆ ತಗ್ಗಿಸಿಕೊಂಡು ಕುಳಿತಿದ್ದರು.

ಆ ಪ್ಲೇಟನ್ನು ಆಕೆ ಮನೆಯಲ್ಲಿಟ್ಟುಕೊಳ್ಳಲು ಒಪ್ಪಲಿಲ್ಲ. "ಅವ್ರ್ಗೆ ಗೊತ್ತಾದ್ರೆ ಕೇಳ್ನಾರ್ದೆ ಸತ್ತೋಯ್ತರೆ," ಎಂದರು. ಅಪ್ಪ ಅದನ್ನೂ ಗ್ರಾಮಫೋನನ್ನೂ ನನ್ನ ಬಳಿ ಬಿಟ್ಟುಹೋದರು.

ಗಾಯಕರು ಆ ವರ್ಷವೇ ತೀರಿಕೊಂಡರು. ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆಮೇಲೆ ಆಕೆ ಮಧ್ಯಾಹ್ನದ ಹೊತ್ತು ನಮ್ಮ ಮನೆಗೆ ಬಂದು ಕೂರುತ್ತಿದ್ದರು. "ಆಕವ್ವ," ಎನ್ನುವರು, ಹಾಕುತ್ತಿದ್ದೆ. ಮುಳ್ಳು ಉಜ್ಜಿ ಉಜ್ಜಿ ಪ್ಲೇಟು ಸವೆಯಿತು. ಇನ್ನೊಂದಕ್ಕಾಗಿ ಅಪ್ಪ ಮೈಸೂರೆಲ್ಲ ಅಲೆದರು, ಸಿಗಲಿಲ್ಲ. ಗಾಯಕರ ದನಿ ಗಟ್ಟಿ, ಹೇಗೋ ಉಳಿಯಿತು. ಮಗುವಿನ ದನಿಯಿದ್ದ ಕಡೆ ಬರೀ ಗರಗರ ಸದ್ದು.

ಒಂದು ದಿನ ಹಾಡು ಆ ಗರಗರದ ಜಾಗಕ್ಕೆ ಬಂದಾಗ ನಾನು ಮುಳ್ಳು ಎತ್ತಲು ಹೋದೆ. ಆಕೆ ನನ್ನ ಕೈ ಹಿಡಿದುಕೊಂಡರು.

"ತಾಳವ್ವ. ಅವ್ಳು ಉಸ್ರು ಎಳ್ಕಳದು ಇಲ್ಲೇಯ."

ನನಗೆ ಏನೂ ಕೇಳಿಸಲಿಲ್ಲ.