ಹನುಮಂತನಗರದ ಹತ್ತು ಸೊನ್ನೆಗಳು

ಶಂಭುಲಿಂಗಪ್ಪ ತುಂಬಿಸಿದ ಫಾರಂಗಳನ್ನು ನಂಬುವುದಾದರೆ, ಎಪ್ಪತ್ತೆಂಟನೇ ಇಸವಿಯಲ್ಲಿ ಹನುಮಂತನಗರದ ಒಂದು ನರಪಿಳ್ಳೆಯೂ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿದದ್ದಿಲ್ಲ. ಹಾಗಾದರೆ ಬೆಳಗ್ಗೆ ಎಂಟು ಗಂಟೆಗೆ ಹೋಟೆಲುಗಳ ಮುಂದೆ ಮುಗಿಬೀಳುತ್ತಿದ್ದವರು ಯಾರು, ದೆವ್ವಗಳೇ?

ಶಂಭುಲಿಂಗಪ್ಪ ಗುಬ್ಬಿ ಕಡೆಯವನು. ಸರ್ಕಾರದ ಒಂದು ಲೆಕ್ಕದ ಕಚೇರಿಯಲ್ಲಿ ನಾಲ್ಕು ವರ್ಷದಿಂದ ಹಂಗಾಮಿ ನೌಕರ. ಮನೆ ಮನೆಗೆ ಹೋಗಿ, ಕಳೆದ ಮೂವತ್ತು ದಿನದಲ್ಲಿ ಅಕ್ಕಿ ಎಷ್ಟಾಯಿತು, ಬೇಳೆ ಎಷ್ಟಾಯಿತು, ಸೀಮೆಎಣ್ಣೆ ಎಷ್ಟಾಯಿತು ಎಂದು ಕೇಳಿ ಬರೆದುಕೊಳ್ಳುವುದು ಅವನ ಕೆಲಸ. ನೌಕರಿ ಕಾಯಂ ಆಗುವತನಕ ಮಗಳನ್ನು ಬೆಂಗಳೂರಿಗೆ ಕಳಿಸುವುದಿಲ್ಲ ಎಂದು ಮಾವ ಕಡ್ಡಿ ಮುರಿದಂತೆ ಹೇಳಿದ್ದರಿಂದ ಹೆಂಡತಿ ಜಯಶೀಲಾ ಮತ್ತು ಮಗು ತವರಿನಲ್ಲೇ ಉಳಿದಿದ್ದರು. ಮಗುವಿಗೆ ಎರಡು ತುಂಬಿತ್ತು. ಹೋದಾಗಲೆಲ್ಲ ಅಪ್ಪನನ್ನು ಕಂಡು ಹೆದರಿ ಅಳುತ್ತಿತ್ತು.

ಅಕ್ಕಿ ಬೇಳೆ ಲೆಕ್ಕ ಕೊಡಲು ಯಾರಿಗೂ ಬೇಸರವಿರಲಿಲ್ಲ. ಫಜೀತಿ ಶುರುವಾಗುತ್ತಿದ್ದದ್ದು 'ಮನೆಯ ಹೊರಗೆ ಸೇವಿಸಿದ ಊಟ ತಿಂಡಿ' ಎಂಬ ಕಲಮಿನಲ್ಲಿ. ಅವನು ಹೋಗುತ್ತಿದ್ದದ್ದು ಬೆಳಗ್ಗೆ ಹನ್ನೊಂದಕ್ಕೆ. ಗಂಡಸರೆಲ್ಲ ಆಫೀಸಿನಲ್ಲಿ, ಉತ್ತರ ಕೊಡುವವರು ಮನೆಯ ಹಿರಿಯ ಹೆಂಗಸರು. ಹೊರಗಡೆ ತಿನ್ನುವುದೆಂದರೆ ಮನೆಯ ಅಡಿಗೆಗೆ ಬಂದ ಅವಮಾನ! ಯಾವ ತಾಯಿ ಒಪ್ಪಿಕೊಳ್ಳುತ್ತಾಳೆ?

"ಹೊರಗಡೆ ಊಟಾನಾ?" ಎಂದು, ಅವನ ಪಾಲಿನ ಹತ್ತು ಮನೆಗಳಲ್ಲಿ ಒಂದರ ಹಿರಿಯಾಕೆ ಪಾರ್ವತಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡಿದ್ದರು. "ಮಠದ ದಾಸೋಹ ಬಿಟ್ರೆ ನಮ್ಮನೇವ್ರು ಹೊರಗಡೆ ಒಂದ್ ತುತ್ತು ಮುಟ್ಟಲ್ಲ ಕಣಪ್ಪ. ನೀನೂ ನಮ್ಮೋನೇ, ಇದೆಂಥಾ ಪ್ರಶ್ನೆ ಕೇಳ್ತೀಯಾ?" ಎಂದು ನಿಪ್ಪಟ್ಟು ತಂದುಕೊಟ್ಟರು. ನಿಪ್ಪಟ್ಟು ತಿಂದು ಸೊನ್ನೆ ಬರೆದುಕೊಂಡು ಬಂದ.

ಮೇಲ್ವಿಚಾರಕ ಪರಮಶಿವಯ್ಯ ಫಾರಂಗಳನ್ನು ಮೇಜಿನ ಮೇಲೆ ಎಸೆದರು. "ಏನಯ್ಯಾ ಇದು, ಹತ್ತು ಮನೆಗೆ ಹತ್ತು ಸೊನ್ನೆ? ರೂಮಲ್ಲಿ ಕೂತ್ಕೊಂಡು ತುಂಬ್ಸಿದ್ದೀಯಾ?"

"ದೇವರಾಣೆ ಸಾರ್, ಅವರು ಹೇಳಿದ್ದೇ ಬರ್ದಿದ್ದೀನಿ."

"ಹೇಳಿದ್ದನ್ನ ಬರೆಯೋಕೆ ಸ್ಕೂಲ್ ಹುಡುಗ ಸಾಕು. ಶನಿವಾರ ನಾನೇ ಬಂದು ಚೆಕ್ ಮಾಡ್ತೀನಿ. ಅಷ್ಟರೊಳಗೆ ಸರಿ ಮಾಡು. ಇಲ್ದಿದ್ರೆ ಕಾಯಂ ಲಿಸ್ಟಲ್ಲಿ ನಿನ್ ಹೆಸರು ಮರ್ತುಬಿಡು."

ಮತ್ತೆ ಹತ್ತು ಮನೆಯ ಮೆಟ್ಟಿಲು ಹತ್ತಿದ. ಒಂದು ಕಡೆ "ನಿನ್ನೆ ಹೇಳಿದ್ದು ಸಾಲ್ದಾ?" ಎಂದು ಬಾಗಿಲು ಹಾಕಿದರು. ಇನ್ನೊಂದು ಕಡೆ ಸಂಜೆ ಹೋಗಿ ಗಂಡಸನ್ನೇ ಹಿಡಿದರೆ, ಅವನು ಹೆಂಡತಿಯ ಮುಖ ನೋಡಿ "ಛೆ ಛೆ, ಹೋಟ್ಲಾ?" ಎಂದ, ಮೀಸೆಯಲ್ಲಿ ಇನ್ನೂ ಚಟ್ನಿಯಿತ್ತು. ಥೂ, ಇವರ ಸತ್ಯಸಂಧತೆಗಿಷ್ಟು ಬೆಂಕಿ ಹಾಕ, ಎಂದುಕೊಂಡು ಶಂಭುಲಿಂಗಪ್ಪ ತಾನು ದಿನಾ ಉಣ್ಣುವ ಹೋಟೆಲಿಗೆ ಹೋದರೆ ಎದುರು ಟೇಬಲಿನಲ್ಲಿ ಪಾರ್ವತಮ್ಮನ ಮಗ ಸಿದ್ದಲಿಂಗಯ್ಯ ಮಸಾಲೆದೋಸೆ ಮುರಿಯುತ್ತಿದ್ದ!

ಬಿಡುತ್ತಾನೆಯೇ? ಪಕ್ಕದಲ್ಲೇ ಹೋಗಿ ಕೂತ. ಸಿದ್ದಲಿಂಗಯ್ಯ ಮೊದಲು ಬೆವರಿದ, ಆಮೇಲೆ ಲೆಕ್ಕ ಒಪ್ಪಿಸಿದ. ತಿಂಗಳಿಗೆ ನಲವತ್ತೆರಡು ರೂಪಾಯಿ. "ಅಮ್ಮಂಗೆ ಗೊತ್ತಾಗ್ಬಾರ್ದು ಸಾರ್" ಎಂದ.

ಮಗನೇ ಹೀಗಾದರೆ ಸೊಸೆ? ಸೊಸೆ ವಾರಿಜಾ ಜಯನಗರದ ಒಂದು ಕಂಪನಿಯಲ್ಲಿ ಟೈಪಿಸ್ಟು. ಸಂಬಳದ ಕವರನ್ನು ಒಡೆಯದೆ ಅತ್ತೆಯ ಕೈಗಿಡುವವಳು. ಮರುದಿನ ಸಂಜೆ ಶಂಭುಲಿಂಗಪ್ಪ ಅವಳನ್ನು ಕಂಪನಿಯ ಹತ್ತಿರದ ಬಸ್ ಸ್ಟಾಪಿನಲ್ಲಿ ಕಂಡು ಕೇಳಿದ. ಅವಳು ಆಚೀಚೆ ನೋಡಿದಳು.

"ಬೆಳಗ್ಗೆ ಎಲ್ರಿಗೂ ಬಡಿಸಿ ಹೊರಡೋ ಹೊತ್ಗೆ ನಂಗೆ ತಿನ್ನೋಕೆ ಟೈಮಿರಲ್ಲ ಸಾರ್. ಮಧ್ಯಾಹ್ನ ಒಂದ್ ಪ್ಲೇಟ್ ಇಡ್ಲಿ ವಡೆ, ಒಂದ್ ಕಾಫಿ. ಒಂದು ರೂಪಾಯಿ ಹದಿನೈದು ಪೈಸೆ. ಬಸ್ ಚಾರ್ಜಲ್ಲಿ ಉಳಿಸಿದ್ದು, ಅರ್ಧ ದಾರಿ ನಡೀತೀನಿ. ಅಲ್ಲಿ ಕೂತಿರೋ ಅಷ್ಟು ಹೊತ್ತು ಯಾರೂ ನನ್ನ ಏನೂ ಕೇಳಲ್ಲ." ಆಮೇಲೆ ಕೇಳಿದಳು: "ಮನೇಲಿ ಹೇಳಲ್ಲ ತಾನೆ?"

"ಸರ್ಕಾರದ ಲೆಕ್ಕ ಮೇಡಂ. ಒಂದು ಅಕ್ಷರ ಹೊರಗೆ ಹೋಗಲ್ಲ."

ಇಪ್ಪತ್ತಾರು ದಿನಕ್ಕೆ ಇಪ್ಪತ್ತೊಂಬತ್ತು ರೂಪಾಯಿ ತೊಂಬತ್ತು ಪೈಸೆ. ಗಂಡನದೂ ಸೇರಿ ಎಪ್ಪತ್ತೊಂದು ತೊಂಬತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಕಲಮಿನಲ್ಲಿ ನಿಜವಾದ ಅಂಕಿ! ಶಂಭುಲಿಂಗಪ್ಪ ಸೊನ್ನೆಯನ್ನು ಹೊಡೆದುಹಾಕಿ ದಪ್ಪಕ್ಷರದಲ್ಲಿ ಬರೆದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮೇಲ್ವಿಚಾರಕರು ಕಟ್ಟುಕಥೆ ಅನ್ನದಿರಲಿ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬಿಡಿಸಿಯೂ ಬರೆದ: ಮಗ ಇಷ್ಟು, ಸೊಸೆ ಇಷ್ಟು, ಎಲ್ಲಿ, ಏನು. ಕೆಲಸದ ಮೇಲಿನ ಅಭಿಮಾನ, ಏನು ಮಾಡುವುದು!

ಶನಿವಾರ ಬೆಳಗ್ಗೆ ಪರಮಶಿವಯ್ಯ ಪಾರ್ವತಮ್ಮನ ಮನೆಯ ನಡುಮನೆಯಲ್ಲಿ ಕೂತು, ಕನ್ನಡಕ ಏರಿಸಿ, ಒಂದೊಂದೇ ಕಲಂ ಗಟ್ಟಿಯಾಗಿ ಓದತೊಡಗಿದರು. ಯಾರೂ ಇನ್ನೂ ಕೆಲಸಕ್ಕೆ ಹೊರಟಿರಲಿಲ್ಲ, ಮನೆಯವರೆಲ್ಲ ಇದ್ದರು. ಶಂಭುಲಿಂಗಪ್ಪ ಕೆಮ್ಮಿದ. "ಅದು ಆಮೇಲೆ ನೋಡೋಣ ಸಾರ್" ಎಂದ. ಪರಮಶಿವಯ್ಯ ಕೇಳಲಿಲ್ಲ.

"ಹೊರಗಡೆ ತಿಂಡಿ, ಎಪ್ಪತ್ತೊಂದು ರೂಪಾಯಿ ತೊಂಬತ್ತು ಪೈಸೆ. ಸರೀನಾ ಅಮ್ಮ?"

"ಯಾರ್ದು?" ಎಂದರು ಪಾರ್ವತಮ್ಮ.

ಪರಮಶಿವಯ್ಯ ಅಂಚಿನಲ್ಲಿದ್ದದ್ದನ್ನೂ ಓದಿದರು.

ಪಾರ್ವತಮ್ಮ ಮಗನ ಕಡೆ ತಿರುಗಿ, "ಗಂಡಸು, ಹೊರಗೆ ತಿರುಗೋನು, ಹಸಿವಾಗಿರುತ್ತೆ" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ಹೋಟ್ಲಲ್ಲಿ ಒಬ್ಬಳೇ ಕೂತ್ಕೊಂಡು ತಿಂತೀಯೇನೇ? ಇಲ್ಲಿ ನಿನ್ನ ಉಪವಾಸ ಕೆಡವಿದೀವಾ? ದುಡ್ಡೆಲ್ಲಿಂದ ಬಂತು? ಯಾರು ಕೊಟ್ರು?" ಸಿದ್ದಲಿಂಗಯ್ಯ ಪೇಪರ್ ಓದುತ್ತಿದ್ದ. ವಾರಿಜಾ ಶಂಭುಲಿಂಗಪ್ಪನ ಮುಖವನ್ನು ಒಂದು ಸಲ ನೋಡಿ ಒಳಗೆ ಹೋದಳು.

ಬೀದಿಗೆ ಬಂದಮೇಲೆ ಪರಮಶಿವಯ್ಯ ಅವನ ಬೆನ್ನು ತಟ್ಟಿದರು. "ಭೇಷ್ ಕಣಯ್ಯಾ! ಹತ್ತರಲ್ಲಿ ಒಂದಾದ್ರೂ ಅಪ್ಪಟ ನಿಜ ತಂದ್ಯಲ್ಲ."

ಎರಡು ತಿಂಗಳಿಗೆ ಕಾಯಂ ಆರ್ಡರ್ ಬಂತು. ಜಯಶೀಲಾಗೆ ಕಾಗದ ಬರೆದು, ಜಯನಗರದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಅದೇ ಬಸ್ ಸ್ಟಾಪಿನಲ್ಲಿ ವಾರಿಜಾ ಸಿಕ್ಕಳು. ಕೈಯಲ್ಲಿ ಮನೆಯ ಊಟದ ಸ್ಟೀಲ್ ಡಬ್ಬಿ. ಪಕ್ಕದಲ್ಲಿ, ದಿನಾ ಕರೆದೊಯ್ದು ಕರೆತರಲು ಅತ್ತೆ ನೇಮಿಸಿದ್ದ ಮೈದುನ. ಶಂಭುಲಿಂಗಪ್ಪ ಕ್ಷಮೆ ಕೇಳಬೇಕೆಂದು ಹತ್ತಿರ ಹೋದ.

ಅಷ್ಟರಲ್ಲಿ ಅವಳೇ ಮಾತಾಡಿದಳು. "ಸಾರ್, ಆ ಫಾರಂನಲ್ಲಿ ನನ್ನ ಲೆಕ್ಕಾನ ಸೊನ್ನೆ ಅಂತ ತಿದ್ದಿಬಿಡಿ. ಈಗ ನಿಜವಾಗ್ಲೂ ಸೊನ್ನೆ."

ಬಸ್ಸು ಬಂತು, ಹತ್ತಿದಳು. ಶಂಭುಲಿಂಗಪ್ಪನಿಗೆ ನಾಚಿಕೆಯಾಯಿತು. ಅಂದು ಅವನು ಮನೆ ನೋಡಲು ಹೋಗಲಿಲ್ಲ.